ಚಕ್ರದ ನಟ್ಟು ಬಿಗಿಯಾಗಿದೆಯೆ?

ಚಕ್ಕಡಿಯನ್ನು ಹೂಡಿಕೊಂಡು ದೂರದ ಸಂತೆಗೆ ಹೊರಡುವ ರೈತನು, ಎತ್ತುಗಳ ಹೆಗಲಿಗೆ ನೊಗವನ್ನೇರಿಸಿದ ಮೇಲೆ ಒಮ್ಮೆ ಗಾಲಿಗಳ ಬಳಿಗೆ ಹೋಗಿ ಬಾಗಿ ನೋಡುವುದುಂಟು. ಅವನ ಕಣ್ಣು ಹುಡುಕುವುದು ಅಚ್ಚಿನ ತುದಿಯಲ್ಲಿರುವ ಕಡಾಣಿಯನ್ನು. ಆ ಸಣ್ಣ ಕಬ್ಬಿಣದ ಕೀಲು ತನ್ನ ಸ್ಥಾನದಲ್ಲಿರುವವರೆಗೆ ಗಾಲಿಯು ಅಚ್ಚಿನಿಂದ ಜಾರದು. ಅದು ದಾರಿಯಲ್ಲೆಲ್ಲಿಯೋ ಬಿದ್ದುಹೋದರೆ, ಬಂಡಿ ಎಷ್ಟು ಗಟ್ಟಿಯಾಗಿದ್ದರೇನು, ಎತ್ತುಗಳು ಎಷ್ಟು ಬಲವಾಗಿದ್ದರೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರಿಗೆ ಈ ಪಾಠವನ್ನು ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಅದೇ ಸೀಮೆಯ ರಸ್ತೆಗಳ ಮೇಲೆ ಮೋಟಾರು ಗಾಡಿಗಳು ಹಗಲಿರುಳೂ ಓಡುತ್ತಿವೆ. ಗಂಗಾವತಿಯ ಗಿರಣಿಗಳಿಂದ ಅಕ್ಕಿಯ ಮೂಟೆಗಳನ್ನು ಹೊತ್ತ ಲಾರಿಗಳು, ಕುಷ್ಟಗಿಯ ಮೇಲೆ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಗ್ರಾನೈಟಿನ ಬಂಡೆಗಳನ್ನು ಹೊತ್ತ ಲಾರಿಗಳು, ಕೊಪ್ಪಳವನ್ನು ಹಾದುಹೋಗುವ 67ನೆಯ ಹೆದ್ದಾರಿಯ ಬಸ್ಸುಗಳು ಮತ್ತು ಕಾರುಗಳು, ಇವುಗಳಲ್ಲಿ ಯಾವುದರ ಚಕ್ರಕ್ಕೂ ಕಡಾಣಿಯಿಲ್ಲ. ಕಾರಿನ ಚಕ್ರವನ್ನು ನಾಲ್ಕೋ ಐದೋ ನಟ್ಟುಗಳೂ ದೊಡ್ಡ ಲಾರಿಯ ಚಕ್ರವನ್ನು ಎಂಟೋ ಹತ್ತೋ ನಟ್ಟುಗಳೂ ಹಿಡಿದಿರುತ್ತವೆ.

ಕಾರೊಂದನ್ನು ಕೊಪ್ಪಳದ ಒಂದು ಗ್ಯಾರೇಜಿನಲ್ಲಿ ಸರ್ವಿಸಿಗೆ ಬಿಡಲಾಗಿದೆ ಎಂದಿಟ್ಟುಕೊಳ್ಳೋಣ. ಬ್ರೇಕುಗಳನ್ನು ನೋಡುವುದಕ್ಕಾಗಿ ನಾಲ್ಕು ಚಕ್ರಗಳನ್ನೂ ಕಳಚಿ ಮತ್ತೆ ಜೋಡಿಸಿದ್ದಾರೆ. ಗಾಡಿಯನ್ನು ಒಪ್ಪಿಸುವಾಗ ಮೆಕ್ಯಾನಿಕ್ಕನು, "ಐವತ್ತು ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿರಿ" ಎನ್ನುತ್ತಾನೆ. ಕೇಳಿದವರಿಗೆ ಸಹಜವಾಗಿಯೇ ಒಂದು ಸಂದೇಹ ಮೂಡುತ್ತದೆ. ಬಿಗಿಯುವಾಗಲೇ ಸರಿಯಾಗಿ ಬಿಗಿಯಬಾರದಿತ್ತೆ? ತನ್ನ ಕೆಲಸದ ಮೇಲೆ ಅವನಿಗೇ ನಂಬಿಕೆಯಿಲ್ಲವೆ? ಅಥವಾ ತಪ್ಪಿನ ಹೊಣೆಯನ್ನು ನಮ್ಮ ತಲೆಗೆ ಕಟ್ಟುವ ಉಪಾಯವೆ?

ಇವಾವುದೂ ಅಲ್ಲ. ಅತ್ಯಂತ ಶ್ರದ್ಧೆಯಿಂದ, ಅಳತೆಗೆ ಸರಿಯಾಗಿ ಬಿಗಿದ ನಟ್ಟು ಕೂಡ ಮೊದಲ ಕೆಲವು ಕಿಲೋಮೀಟರುಗಳಲ್ಲಿ ತನ್ನ ಬಿಗಿಯನ್ನು ಕಳೆದುಕೊಳ್ಳಬಹುದು. ಅದೂ ಒಂದಿಷ್ಟೂ ತಿರುಗದೆ. ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಬೇಕಾದರೆ, ನಟ್ಟನ್ನು ಬಿಗಿಯುವುದೆಂದರೆ ಏನೆಂಬುದನ್ನು ಮೊದಲು ನೋಡಬೇಕು.

ಬೋಲ್ಟು ಒಂದು ಸ್ಪ್ರಿಂಗು

ಚಕ್ರವನ್ನು ಕೂರಿಸುವ ಲೋಹದ ತಟ್ಟೆಗೆ ಹಬ್ ಎಂದು ಹೆಸರು. ಅದರಿಂದ ಹೊರಚಾಚಿರುವ ಬೋಲ್ಟುಗಳು ಚಕ್ರದ ರಂಧ್ರಗಳ ಮೂಲಕ ಹಾದು ಬರುತ್ತವೆ. ಅವುಗಳ ಮೇಲೆ ನಟ್ಟುಗಳನ್ನು ತಿರುಗಿಸುತ್ತ ಹೋದರೆ, ಸ್ವಲ್ಪ ಹೊತ್ತಿಗೆ ನಟ್ಟು ಚಕ್ರಕ್ಕೆ ತಾಗಿ ನಿಲ್ಲುತ್ತದೆ. ಕೆಲಸ ಮುಗಿಯಿತೆಂದು ನಮಗೆ ತೋರಬಹುದು. ನಿಜವಾದ ಕೆಲಸ ಆರಂಭವಾಗುವುದು ಅಲ್ಲಿಂದ ಮುಂದೆಯೇ. ನಟ್ಟು ಮುಂದಕ್ಕೆ ಸರಿಯಲಾರದು. ಆದರೂ ನಾವು ಅದನ್ನು ತಿರುಗಿಸುತ್ತೇವೆ. ಆಗ ಬೋಲ್ಟೇ ಹಿಗ್ಗಬೇಕಾಗುತ್ತದೆ. ಉಕ್ಕು ಹಿಗ್ಗುವುದೆ ಎಂದು ಕೇಳಬೇಡಿರಿ. ರಬ್ಬರಿನಂತೆ ಉಕ್ಕಿಗೂ ಸ್ಥಿತಿಸ್ಥಾಪಕ ಗುಣವುಂಟು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಹಿಗ್ಗಿದ ಬೋಲ್ಟು ಕುಗ್ಗಲು ಯತ್ನಿಸುತ್ತ, ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ನಾವು ಬಿಗಿ ಎನ್ನುವುದು ಈ ಎಳೆತವನ್ನೇ.

ಈ ಎಳೆತ ಎಷ್ಟಿರುತ್ತದೆ? ಒಂದು ಲೆಕ್ಕವನ್ನು ಮಾಡಿ ನೋಡೋಣ. ಸಣ್ಣ ಕಾರುಗಳ ಚಕ್ರದ ನಟ್ಟುಗಳನ್ನು ಸಾಮಾನ್ಯವಾಗಿ 85ರಿಂದ 120 ನ್ಯೂಟನ್-ಮೀಟರಿನಷ್ಟು ಟಾರ್ಕಿನಿಂದ, ಅಂದರೆ ತಿರುಗಿಸುವ ಬಲದಿಂದ, ಬಿಗಿಯಬೇಕೆಂದು ತಯಾರಕರು ವಿಧಿಸುತ್ತಾರೆ. 40 ಸೆಂಟಿಮೀಟರು ಉದ್ದದ ಪಾನಾವೊಂದನ್ನು ನಟ್ಟಿಗೆ ಅಡ್ಡಲಾಗಿ ಸಿಕ್ಕಿಸಿ, ಅದರ ತುದಿಗೆ 25 ಕಿಲೋಗ್ರಾಮಿನ ಅಕ್ಕಿಯ ಚೀಲವೊಂದನ್ನು ತೂಗುಬಿಟ್ಟರೆ ಉಂಟಾಗುವ ಟಾರ್ಕು 98 ನ್ಯೂಟನ್-ಮೀಟರು. ಹುಡುಗನೊಬ್ಬನು ಹೊತ್ತೊಯ್ಯಬಲ್ಲ ಚೀಲವದು. ಆದರೆ ಬೋಲ್ಟಿನಲ್ಲಿ ಅದು ಉಂಟುಮಾಡುವ ಎಳೆತವನ್ನು ನೋಡಿರಿ. ಟಾರ್ಕನ್ನು ಬೋಲ್ಟಿನ ವ್ಯಾಸದ ಐದನೆಯ ಒಂದು ಭಾಗದಿಂದ ಭಾಗಿಸಿದರೆ ಎಳೆತದ ಅಂದಾಜು ದೊರೆಯುತ್ತದೆಂಬುದು ಎಂಜಿನಿಯರುಗಳ ರೂಢಿಯ ಸೂತ್ರ. ಬೋಲ್ಟಿನ ವ್ಯಾಸ 12 ಮಿಲಿಮೀಟರು ಎಂದು ಹಿಡಿದರೆ ಎಳೆತವು ಸುಮಾರು 41,000 ನ್ಯೂಟನ್ ಆಗುತ್ತದೆ. ಅಂದರೆ ನಾಲ್ಕು ಟನ್ನಿಗೂ ಮಿಗಿಲಾದ ತೂಕ. ನಾಲ್ಕು ನಟ್ಟುಗಳು ಸೇರಿ ಒಂದು ಚಕ್ರವನ್ನು 16 ಟನ್ನಿಗೂ ಹೆಚ್ಚಿನ ಬಲದಿಂದ ಒತ್ತಿ ಹಿಡಿದಿರುತ್ತವೆ.

ಚೀಲದ ತೂಕ ಇಷ್ಟು ಪಟ್ಟು ಬೆಳೆಯುವುದು ಸನ್ನೆ ಮತ್ತು ಓರೆತಲಗಳ ಕೂಟದಿಂದ. ಪಾನಾ ಒಂದು ಸನ್ನೆ. ಬೋಲ್ಟಿನ ತಿರುಪಾದರೋ ಕಂಬವೊಂದಕ್ಕೆ ಸುತ್ತಿದ ಓರೆತಲವೇ. ಗುಡ್ಡವನ್ನು ನೆಟ್ಟಗೆ ಹತ್ತಲಾರದವನು ಬಳಸುದಾರಿಯಲ್ಲಿ ಸುತ್ತಿ ಸುತ್ತಿ ಏರುವಂತೆ, ನಟ್ಟು ಸುತ್ತಿಗೆ ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಮುಂದೆ ಸರಿಯುತ್ತದೆ. ಹೀಗಿದ್ದರೂ ನಾವು ಹಾಕುವ ಶ್ರಮದಲ್ಲಿ ಹತ್ತನೆಯ ಒಂಬತ್ತು ಪಾಲು ನಟ್ಟಿನ ಕೆಳಗಿನ ಮತ್ತು ತಿರುಪಿನೊಳಗಿನ ಘರ್ಷಣೆಗೇ ಮೀಸಲು. ಬೋಲ್ಟನ್ನು ಎಳೆಯಲು ಒದಗುವುದು ಸುಮಾರು ಹತ್ತನೆಯ ಒಂದು ಪಾಲು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಅದರ ಉಪಯೋಗವಿದೆ.

ಗಾಡಿಯನ್ನು ಹೊರುವುದು ಯಾವುದು?

ಗಾಡಿಯ ಭಾರವನ್ನು ಬೋಲ್ಟುಗಳು ಹೊತ್ತಿವೆಯೆಂದು, ಗೋಡೆಯ ಮೊಳೆಯು ಚಿತ್ರಪಟವನ್ನು ಹೊತ್ತಂತೆ, ಬಹಳ ಜನರು ತಿಳಿಯುತ್ತಾರೆ. ಇದು ತಪ್ಪು. ಚಕ್ರದ ಮುಖ ಮತ್ತು ಹಬ್ಬಿನ ಮುಖ ಒಂದನ್ನೊಂದು ಬಲವಾಗಿ ಒತ್ತಿಕೊಂಡಿರುವುದರಿಂದ ಅವುಗಳ ನಡುವೆ ಘರ್ಷಣೆ ಹುಟ್ಟುತ್ತದೆ. ಗಾಡಿಯ ಭಾರ, ಬ್ರೇಕಿನ ಸೆಳೆತ, ತಿರುವಿನ ತಳ್ಳಾಟ ಇವೆಲ್ಲವನ್ನೂ ಮುಖ್ಯವಾಗಿ ತಡೆಯುವುದು ಆ ಘರ್ಷಣೆಯೇ. ಎರಡು ಅಂಗೈಗಳನ್ನು ಬಲವಾಗಿ ಒತ್ತಿ ಹಿಡಿದು ಒಂದನ್ನು ಜಾರಿಸಲು ನೋಡಿರಿ, ಜಾರದು. ಒತ್ತಡವನ್ನು ಸಡಿಲಿಸಿರಿ, ಕೂಡಲೇ ಜಾರುತ್ತದೆ.

ಇಲ್ಲಿಯೂ ಲೆಕ್ಕ ಕಠಿಣವಾದುದಲ್ಲ. ಒಣ ಲೋಹದ ಮುಖಗಳ ಘರ್ಷಣೆಯು ಒತ್ತುವ ಬಲದ ನೂರಕ್ಕೆ ಹದಿನೈದು ಪಾಲಿದೆಯೆಂದು ಹಿಡಿದರೆ, 16 ಟನ್ನಿನ ಒತ್ತಡದಿಂದ ದೊರೆಯುವ ತಡೆ ಸುಮಾರು ಎರಡೂವರೆ ಟನ್. ಈಗ ಚಾಲಕನು ಬ್ರೇಕನ್ನು ಜೋರಾಗಿ ಒತ್ತಿದನೆನ್ನೋಣ. ರಸ್ತೆಯು ಮುಂದಿನ ಟೈರಿನ ಅಂಚನ್ನು 250 ಕಿಲೋಗ್ರಾಮಿನಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಟೈರಿನ ತ್ರಿಜ್ಯ ಸುಮಾರು 28 ಸೆಂಟಿಮೀಟರು. ಬೋಲ್ಟುಗಳು ಕೇಂದ್ರದಿಂದ ಇರುವ ದೂರವೋ 5 ಸೆಂಟಿಮೀಟರು ಮಾತ್ರ. ಸನ್ನೆಯ ನಿಯಮದಂತೆ, ಬೋಲ್ಟುಗಳ ವೃತ್ತದಲ್ಲಿ ಆ ಬಲವು ಐದೂವರೆ ಪಟ್ಟಿಗೂ ಹೆಚ್ಚಾಗಿ, ಸುಮಾರು 1,400 ಕಿಲೋಗ್ರಾಮಿನಷ್ಟಾಗುತ್ತದೆ. ತಡೆ ಎರಡೂವರೆ ಟನ್ ಇರುವಾಗ ಭಯವಿಲ್ಲ. ನಟ್ಟುಗಳ ಬಿಗಿ ಅರ್ಧಕ್ಕೆ ಇಳಿದಿದ್ದರೆ? ತಡೆಯೂ ಒಂದೂಕಾಲು ಟನ್ನಿಗೆ ಇಳಿದಿರುತ್ತದೆ. ಚಕ್ರವು ಹಬ್ಬಿನ ಮೇಲೆ ಒಂದಿಷ್ಟು ಜಾರುವುದಕ್ಕೆ ಅಷ್ಟು ಸಾಕು. ನಟ್ಟುಗಳೆಲ್ಲ ತಮ್ಮ ಸ್ಥಾನದಲ್ಲಿಯೇ ಇವೆ, ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೂ ಅಪಾಯ ಆರಂಭವಾಗಿದೆ. ಕಡಾಣಿಗೂ ನಟ್ಟಿಗೂ ಇರುವ ವ್ಯತ್ಯಾಸ ಇದೇ. ಕಡಾಣಿ ಇದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳಬಲ್ಲುದು. ನಟ್ಟಿನ ಬಿಗಿಯನ್ನು ಕಣ್ಣು ಹೇಳಲಾರದು.

ಕೂದಲೆಳೆಯಷ್ಟು ಹಿಗ್ಗು

ಬಿಗಿ ಅರ್ಧಕ್ಕೆ ಇಳಿಯುವುದಾದರೂ ಹೇಗೆ? ನಾಲ್ಕು ಟನ್ನಿನ ಎಳೆತದಲ್ಲಿ ಬೋಲ್ಟು ಎಷ್ಟು ಹಿಗ್ಗಿರುತ್ತದೆಂಬುದರಲ್ಲಿ ಇದಕ್ಕೆ ಉತ್ತರವಿದೆ. ಚಕ್ರದ ಬೋಲ್ಟು ಗಿಡ್ಡ. ಎಳೆತಕ್ಕೊಳಗಾಗುವ ಅದರ ಭಾಗ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಉಕ್ಕಿನ ಸ್ಥಿತಿಸ್ಥಾಪಕತೆಯ ಅಂಕಿಗಳಿಂದ ಲೆಕ್ಕ ಹಾಕಿದರೆ ಅದರ ಹಿಗ್ಗು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟೆಂದು ಕಂಡುಬರುತ್ತದೆ. ತೆಳುವಾದ ತಲೆಗೂದಲಿನ ದಪ್ಪ! ಹದಿನಾರು ಟನ್ನಿನ ಹಿಡಿತವೆಲ್ಲವೂ ನಿಂತಿರುವುದು ಈ ಕೂದಲೆಳೆಯ ಮೇಲೆ.

ಈಗ ಚಕ್ರಕ್ಕೂ ಹಬ್ಬಿಗೂ ನಡುವೆ ಏನೇನಿರಬಹುದೆಂಬುದನ್ನು ಯೋಚಿಸಿರಿ. ಯಲಬುರ್ಗಾದ ಎರೆಮಣ್ಣಿನ ಹಾದಿಯಲ್ಲಿ ಅಂಟಿ ಒಣಗಿದ ಮಣ್ಣಿನ ಹೊರಪೊರೆ ಇರಬಹುದು. ಗಂಗಾವತಿಯ ಕಾಲುವೆಯ ಬಯಲಿನ ಕೆಸರಿನಲ್ಲಿ ಓಡಾಡಿದ ಗಾಡಿಯ ತುಕ್ಕಿರಬಹುದು. ಹೊಸ ಚಕ್ರದ ಬಣ್ಣದ ಲೇಪವಿರಬಹುದು. ಎಲ್ಲವನ್ನೂ ಉಜ್ಜಿ ತೆಗೆದರೂ ಲೋಹದ ಮುಖವು ಸೂಕ್ಷ್ಮದರ್ಶಕದಲ್ಲಿ ಬೆಟ್ಟಗುಡ್ಡಗಳಂತೆ ತೋರುತ್ತದೆ. ಬಿಗಿದಾಗ ಈ ಪೊರೆಗಳೂ ಗುಡ್ಡಗಳೂ ಭಾರವನ್ನು ಹೊತ್ತು ನಿಲ್ಲುತ್ತವೆ. ಗಾಡಿ ಹೊರಟು ಚಕ್ರವು ಸಾವಿರಾರು ಸಲ ಉರುಳಿ, ರಸ್ತೆಯ ಗುಂಡಿಗಳಲ್ಲಿ ಕುಲುಕಾಡಿದಾಗ, ಮಣ್ಣು ಪುಡಿಯಾಗುತ್ತದೆ, ಬಣ್ಣ ಹಿಂಡಿಹೋಗುತ್ತದೆ, ಲೋಹದ ಮೊನೆಗಳು ಚಪ್ಪಟೆಯಾಗುತ್ತವೆ. ಒಟ್ಟು ಕುಸಿತವು ಮಿಲಿಮೀಟರಿನ ನಲವತ್ತನೆಯ ಒಂದು ಭಾಗವಾದರೆ ಬೋಲ್ಟಿನ ಹಿಗ್ಗಿನಲ್ಲಿ ಅರ್ಧ ಹೋಯಿತು. ಎಳೆತದಲ್ಲಿಯೂ ಸುಮಾರು ಅರ್ಧ ಹೋಯಿತು. ಚಕ್ರದ ತಗಡು ತಾನೂ ಕೊಂಚ ಬಾಗಿ ಸ್ಪ್ರಿಂಗಿನಂತೆ ವರ್ತಿಸುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆಯಿರಬಹುದು. ಆದರೆ ನಷ್ಟವಂತೂ ಉಂಟು. ನಟ್ಟು ಒಂದು ಎಳ್ಳಿನಷ್ಟೂ ತಿರುಗಿಲ್ಲ, ಮೆಕ್ಯಾನಿಕ್ಕನು ತಪ್ಪು ಮಾಡಿಲ್ಲ, ಬಿಗಿ ಮಾತ್ರ ಇಳಿದಿದೆ!

ಶಾಖವೂ ಇದಕ್ಕೆ ನೆರವಾಗುತ್ತದೆ. ಅಲ್ಯುಮಿನಿಯಂ ಮಿಶ್ರಲೋಹದ ಚಕ್ರಗಳು ಈಗ ಸಾಮಾನ್ಯವಾಗಿವೆ. ಕಾಯ್ದಾಗ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬ್ರೇಕಿನ ಶಾಖದಿಂದ ಬಿಸಿಯಾಗಿರುವ ಚಕ್ರಕ್ಕೆ ನಟ್ಟುಗಳನ್ನು ಬಿಗಿದರೆ, ಆರಿದ ಮೇಲೆ ಚಕ್ರವು ಬೋಲ್ಟಿಗಿಂತ ಹೆಚ್ಚು ಕುಗ್ಗಿ ಬಿಗಿ ಕಡಿಮೆಯಾಗುತ್ತದೆ. 40 ಡಿಗ್ರಿಗಳಷ್ಟು ಆರಿದರೆ ಬೋಲ್ಟಿನ ಹಿಗ್ಗಿನಲ್ಲಿ ಐದನೆಯ ಒಂದು ಪಾಲು ಕಳೆದುಹೋಗಬಹುದು. ಚಕ್ರ ತಣ್ಣಗಿರುವಾಗಲೇ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿ.

ಸಂತೋಷದ ಸಂಗತಿಯೆಂದರೆ, ಈ ಕುಸಿತವು ಹೆಚ್ಚಾಗಿ ಮೊದಲ ಓಟದಲ್ಲಿಯೇ ಮುಗಿಯುತ್ತದೆ. ಚಪ್ಪಟೆಯಾದ ಮೊನೆ ಮತ್ತೆ ಚಪ್ಪಟೆಯಾಗಬೇಕಿಲ್ಲ. ಆದುದರಿಂದ ಐವತ್ತರಿಂದ ನೂರು ಕಿಲೋಮೀಟರಿನೊಳಗೆ ಒಮ್ಮೆ ಬಿಗಿಯನ್ನು ಮೊದಲಿನ ಅಳತೆಗೆ ತಂದರೆ ಅದು ಬಹುಕಾಲ ನಿಲ್ಲುತ್ತದೆ. ಕೊಪ್ಪಳದಲ್ಲಿ ಸರ್ವಿಸಾದ ಗಾಡಿ ಕುಷ್ಟಗಿಯನ್ನೋ ಗಂಗಾವತಿಯನ್ನೋ ತಲಪುವಷ್ಟರಲ್ಲಿ ಪರೀಕ್ಷೆಯ ಕಾಲ ಬಂದಿರುತ್ತದೆ. ನಾಲ್ಕೂ ಊರುಗಳನ್ನು ಸುತ್ತಿ ಬಂದರೆ ಅದು ಮೀರಿಹೋಗಿರುತ್ತದೆ.

ನಟ್ಟು ತಾನಾಗಿ ತಿರುಗುವುದು

ಪರೀಕ್ಷಿಸದೆ ಬಿಟ್ಟರೆ ಎರಡನೆಯ ಅಂಕ ಮೊದಲಾಗುತ್ತದೆ. ಬಿಗಿಯಿಳಿದ ಚಕ್ರವು ಪ್ರತಿಯೊಂದು ಸುತ್ತಿಗೂ ಹಬ್ಬಿನ ಮೇಲೆ ಅತ್ತಿತ್ತ ಸೂಕ್ಷ್ಮವಾಗಿ ಜಾರುತ್ತದೆ. ಇಂತಹ ಅಡ್ಡ ಅಲುಗಾಟವೇ ನಟ್ಟಿನ ದೊಡ್ಡ ಶತ್ರುವೆಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. ತತ್ತ್ವವು ಸರಳವಾದುದು. ಹಲಗೆಯೊಂದನ್ನು ತುಸುವೇ ಓರೆಯಾಗಿಟ್ಟು ಅದರ ಮೇಲೆ ಇಟ್ಟಿಗೆಯನ್ನಿಡಿರಿ; ಘರ್ಷಣೆಯಿಂದಾಗಿ ಅದು ಅಲ್ಲಿಯೇ ನಿಲ್ಲುತ್ತದೆ. ಹಲಗೆಯನ್ನು ಅಡ್ಡಡ್ಡಲಾಗಿ ಅಲುಗಾಡಿಸಿರಿ. ಘರ್ಷಣೆಯು ಅಡ್ಡ ಚಲನೆಯನ್ನು ತಡೆಯುವುದರಲ್ಲಿಯೇ ತೊಡಗಿರುವಾಗ, ಇಟ್ಟಿಗೆಯು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಬೋಲ್ಟಿನ ತಿರುಪು ಓರೆತಲವೆಂದು ಆಗಲೇ ಹೇಳಿದೆವಷ್ಟೆ. ಅಲುಗಾಟಕ್ಕೆ ಸಿಕ್ಕ ನಟ್ಟು ಆ ಇಟ್ಟಿಗೆಯಂತೆ ಹಿಂದಕ್ಕೆ ಜಾರತೊಡಗುತ್ತದೆ. ಬಿಗಿ ಕಡಿಮೆಯಾದಷ್ಟೂ ಅಲುಗಾಟ ಹೆಚ್ಚು. ಅಲುಗಾಟ ಹೆಚ್ಚಿದಷ್ಟೂ ಬಿಗಿ ಕಡಿಮೆ. ಒಂದು ನಟ್ಟು ಸಡಿಲವಾದರೆ ಉಳಿದವುಗಳ ಮೇಲೆ ಹೊರೆ ಬೀಳುತ್ತದೆ. ಬಾಗಿ ಬಾಗಿ ದಣಿದ ಬೋಲ್ಟುಗಳು ಒಂದೊಂದಾಗಿ ಮುರಿಯುತ್ತವೆ. ಕೊನೆಗೆ ಚಕ್ರ ಕಳಚುತ್ತದೆ.

ಕಳಚಿದ ಚಕ್ರವು ಅಲ್ಲಿಯೇ ಬೀಳುವುದಿಲ್ಲ. ಗಂಟೆಗೆ 80 ಕಿಲೋಮೀಟರು ವೇಗದ ಗಾಡಿಯಿಂದ ಬಿಡುಗಡೆಯಾದ ಚಕ್ರಕ್ಕೂ ಅಷ್ಟೇ ವೇಗವಿರುತ್ತದೆ. ಇಪ್ಪತ್ತೈದು ಮೀಟರು, ಅಂದರೆ ಸುಮಾರು ಎಂಟು ಅಂತಸ್ತು, ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಪಡೆಯುವ ವೇಗವಿದು. ಕಾರಿನ ಚಕ್ರದ ತೂಕ ಸುಮಾರು 15 ಕಿಲೋಗ್ರಾಂ. ಲಾರಿಯದು ಇದರ ಹಲವು ಪಟ್ಟು. ದಾರಿಯ ಬದಿಯಲ್ಲಿ ಬಸ್ಸಿಗೆ ಕಾದಿರುವವರು, ಸೈಕಲ್ಲಿನ ಮೇಲೆ ಶಾಲೆಗೆ ಹೋಗುವವರು ಅದರ ದಾರಿಗೆ ಅಡ್ಡವಾದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ 1990ರ ದಶಕದ ನಡುವೆ ಲಾರಿಗಳಿಂದ ಕಳಚಿದ ಚಕ್ರಗಳು ಜನರ ಪ್ರಾಣ ತೆಗೆದವು. 1997ರಲ್ಲಿ ಅಲ್ಲಿ ಕಠಿಣವಾದ ಕಾನೂನೊಂದು ಬಂದಿತು. ಲಾರಿಯ ಚಕ್ರ ಕಳಚಿದರೆ, ಎಷ್ಟು ಎಚ್ಚರಿಕೆ ವಹಿಸಿದ್ದೆವೆಂದು ಹೇಳಿಕೊಂಡರೂ ಮಾಲೀಕನಿಗೆ ದಂಡ ತಪ್ಪದು.

ಹೆಚ್ಚು ಬಿಗಿದರೆ ಹೆಚ್ಚು ಕ್ಷೇಮವೆ?

"ಹಾಗಾದರೆ ಮೊದಲೇ ಎರಡರಷ್ಟು ಬಿಗಿದುಬಿಡೋಣ" ಎಂದು ಕೆಲವರು ಹೇಳಬಹುದು. ಪಾನಾದ ತುದಿಯ ಮೇಲೆ ಕಾಲಿಟ್ಟು ನಿಲ್ಲುವವರು, ಅದಕ್ಕೆ ಕೊಳವೆಯನ್ನು ಸಿಕ್ಕಿಸಿ ಜಗ್ಗುವವರು ನಮ್ಮಲ್ಲಿ ಕಡಿಮೆಯಿಲ್ಲ. 60 ಕಿಲೋಗ್ರಾಂ ತೂಕದ ಮನುಷ್ಯನು 40 ಸೆಂಟಿಮೀಟರಿನ ಪಾನಾದ ತುದಿಯಲ್ಲಿ ನಿಂತರೆ ಟಾರ್ಕು 235 ನ್ಯೂಟನ್-ಮೀಟರಾಗುತ್ತದೆ. ಬೇಕಾದುದರ ಎರಡರಷ್ಟಕ್ಕೂ ಹೆಚ್ಚು. ಗಾಳಿಯಿಂದ ನಡೆಯುವ ಗನ್ನಿನಿಂದ ಅಳತೆಯಿಲ್ಲದೆ ಬಿಗಿದರೂ ಹೀಗೆಯೇ ಆಗಬಹುದು. ಸ್ಥಿತಿಸ್ಥಾಪಕತೆಗೆ ಒಂದು ಎಲ್ಲೆಯಿದೆ. ಅದನ್ನು ದಾಟಿದ ಬೋಲ್ಟು ಹಿಗ್ಗಿದಲ್ಲಿಯೇ ನಿಂತು, ಎಳೆದು ಜೋತುಬಿದ್ದ ಹಳೆಯ ಸ್ಪ್ರಿಂಗಿನಂತಾಗುತ್ತದೆ. ತಿರುಪು ಸವೆಯುತ್ತದೆ, ಬ್ರೇಕಿನ ತಟ್ಟೆ ಸೊಟ್ಟಗಾಗಬಹುದು. ನಡುದಾರಿಯಲ್ಲಿ ಪಂಕ್ಚರಾದಾಗ ಆ ನಟ್ಟು ಬಿಚ್ಚಲಿಕ್ಕೂ ಬಾರದು.

ತಿರುಪಿಗೆ ಎಣ್ಣೆ ಹಚ್ಚುವುದೂ ಇಂತಹುದೇ ತಪ್ಪು. ಶ್ರಮದ ಹತ್ತನೆಯ ಒಂಬತ್ತು ಪಾಲು ಘರ್ಷಣೆಗೆ ಹೋಗುತ್ತದೆಂದು ಹಿಂದೆ ಹೇಳಿದೆವು. ಎಣ್ಣೆಯು ಆ ಘರ್ಷಣೆಯನ್ನು ಕಡಿಮೆ ಮಾಡಿದರೆ ಉಳಿದ ಬಲವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಟಾರ್ಕಿನ ಅಳತೆ ಸರಿಯಾಗಿಯೇ ಇದ್ದರೂ ಎಳೆತ ಮಿತಿಮೀರುತ್ತದೆ. ಆದುದರಿಂದ ತಯಾರಕರು ಹೇಳಿದ ಹೊರತು ಕಾರಿನ ಚಕ್ರದ ಬೋಲ್ಟುಗಳಿಗೆ ಎಣ್ಣೆ ಹಚ್ಚಕೂಡದು.

ಪರೀಕ್ಷಿಸುವ ಕ್ರಮ

ಚಕ್ರವನ್ನು ಜೋಡಿಸುವಾಗಲೇ ಎರಡೂ ಮುಖಗಳ ಮಣ್ಣು, ತುಕ್ಕುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಬಳಿಕ ಒಂದರ ನಂತರ ಅದರ ಎದುರಿನದೆಂಬ ಕ್ರಮದಲ್ಲಿ ಬಿಗಿಯಬೇಕು. ಐದು ನಟ್ಟುಗಳಿದ್ದರೆ ನಕ್ಷತ್ರವನ್ನು ಬರೆಯುವ ಕ್ರಮ. ಸುತ್ತಲೂ ಸಾಲಾಗಿ ಬಿಗಿಯುತ್ತ ಹೋದರೆ ಚಕ್ರವು ಒಂದು ಕಡೆಗೆ ವಾಲಿ ಕೂಡುತ್ತದೆ. ಜಾಕನ್ನು ಇಳಿಸಿ, ಚಕ್ರ ನೆಲವನ್ನು ಮುಟ್ಟಿದ ಮೇಲೆ ಕೊನೆಯ ಬಿಗಿ ಕೊಡಬೇಕು.

ಓಡಿಬಂದ ಗಾಡಿಯನ್ನು ಪರೀಕ್ಷಿಸುವಾಗ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳು ಆರುವವರೆಗೆ ಕಾಯಬೇಕು. ಇದಕ್ಕೆ ಉತ್ತಮವಾದ ಉಪಕರಣ ಟಾರ್ಕ್ ರೆಂಚು. ಗಾಡಿಯ ಕೈಪಿಡಿಯಲ್ಲಿರುವ ಅಂಕಿಗೆ ಅದನ್ನು ಹೊಂದಿಸಿ ತಿರುಗಿಸಿದರೆ, ಆ ಬಲ ಬಂದೊಡನೆ ಟಿಕ್ಕೆಂಬ ಸದ್ದು ಕೇಳುತ್ತದೆ. ನಟ್ಟು ಅಲುಗದೆ ಸದ್ದು ಬಂದರೆ ಸರಿ. ಕೊಂಚ ತಿರುಗಿ ಸದ್ದು ಬಂದರೆ, ಇಳಿದಿದ್ದ ಬಿಗಿ ಮರಳಿತೆಂದು ತಿಳಿಯಬೇಕು. ಪರೀಕ್ಷೆಗೆಂದು ನಟ್ಟನ್ನು ಮೊದಲು ಸಡಿಲಿಸಬಾರದು. ಟಾರ್ಕ್ ರೆಂಚು ಇಲ್ಲದವರು ಗಾಡಿಯಲ್ಲಿಯೇ ಇರುವ ಪಾನಾದಿಂದ ಒಂದೊಂದು ನಟ್ಟನ್ನೂ ಕೈಬಲದಿಂದ ಒತ್ತಿ ನೋಡಿ, ಸಡಿಲವಾದುದನ್ನು ಬಿಗಿದು, ಹತ್ತಿರದ ಗ್ಯಾರೇಜಿನಲ್ಲಿ ಅಳತೆಗೆ ತರಿಸಿಕೊಳ್ಳಬೇಕು. ಒಂದೇ ನಟ್ಟು ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಬಿಗಿಯುವುದರಿಂದ ಪ್ರಯೋಜನವಿಲ್ಲ. ಬೋಲ್ಟೋ ಚಕ್ರದ ರಂಧ್ರವೋ ಕೆಟ್ಟಿರುತ್ತದೆ, ಮೆಕ್ಯಾನಿಕ್ಕನಿಗೆ ತೋರಿಸಬೇಕು.

ಗಾಡಿ ತಾನೂ ಕೆಲವು ಸೂಚನೆಗಳನ್ನು ಕೊಡುತ್ತದೆ. ವೇಗದೊಡನೆ ಏರಿಳಿಯುವ ಟಕಟಕ ಸದ್ದು, ಸ್ಟಿಯರಿಂಗಿನಲ್ಲಿ ಹೊಸದಾಗಿ ಕಾಣಿಸಿಕೊಂಡ ನಡುಕ, ನಟ್ಟಿನ ಬುಡದಿಂದ ಹೊರಟ ಕೆಂಪು ತುಕ್ಕಿನ ಗೆರೆ ಇವು ಕಂಡರೆ ಮುಂದಿನ ಊರಿನವರೆಗೆ ಕಾಯದೆ ಅಲ್ಲಿಯೇ ನಿಲ್ಲಿಸಿ ನೋಡಬೇಕು. ಲಾರಿಗಳಲ್ಲಿ ಕೆಲವು ಕಡೆ ಪ್ರತಿ ನಟ್ಟಿಗೂ ಹಳದಿ ಬಣ್ಣದ ಮೊನೆಯುಳ್ಳ ಪ್ಲಾಸ್ಟಿಕ್ ಸೂಚಕವನ್ನು ತೊಡಿಸುತ್ತಾರೆ. ಮೊನೆಗಳ ಸಾಲು ಕೆಟ್ಟಿದ್ದರೆ ನಟ್ಟು ತಿರುಗಿದೆಯೆಂದು ದೂರದಿಂದಲೇ ತಿಳಿಯುತ್ತದೆ. ಆದರೆ ತಿರುಗದೆಯೇ ಇಳಿದ ಬಿಗಿಯನ್ನು ಈ ಸೂಚಕವೂ ತೋರಿಸಲಾರದು. ಅದಕ್ಕೆ ಪಾನಾ ಹಿಡಿದ ಕೈಯೇ ಬೇಕು.

ದೊಡ್ಡ ಯಂತ್ರದ ಭದ್ರತೆ ಅದರ ಸಣ್ಣ ಭಾಗದಲ್ಲಿದೆಯೆಂಬುದನ್ನು ಈ ಸೀಮೆಯವರು ಈಚೆಗೆ ಕಣ್ಣಾರೆ ಕಂಡರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿಯ ಕೊಂಡಿ ಕಳಚಿ, ಗೇಟೇ ಕೊಚ್ಚಿಹೋಯಿತು. ಹಲವು ದಿನಗಳ ಕಾಲ ಅಮೂಲ್ಯವಾದ ನೀರು ಹೊಳೆಗೆ ಹರಿಯಿತು. ಸರಪಳಿಗೂ ಚಕ್ರದ ನಟ್ಟಿಗೂ ಕೆಡುವ ಬಗೆ ಬೇರೆಯಾದರೂ, ಹಿಡಿದಿಡುವ ಭಾಗವನ್ನು ಒಮ್ಮೆ ಕೂರಿಸಿ ಮರೆಯಲಾಗದೆಂಬ ಮಾತು ಎರಡಕ್ಕೂ ಒಂದೇ.

ಕಾರಿನ ಇಪ್ಪತ್ತು ನಟ್ಟುಗಳನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಮನೆಯ ಗಾಡಿ ಸರ್ವಿಸಿನಿಂದ ಬಂದಾಗ ವಿದ್ಯಾರ್ಥಿಗಳು ಈ ಕೆಲಸವನ್ನು ಹಿರಿಯರ ಎದುರಿನಲ್ಲಿ ತಾವೇ ಮಾಡಿ ನೋಡಬಹುದು. ಮೊದಲ ನಟ್ಟು ಟಿಕ್ಕೆನ್ನುವ ಮುನ್ನ ಕೊಂಚ ತಿರುಗಿತೆಂದರೆ, ಕೂದಲೆಳೆಯ ಲೆಕ್ಕ ನಿಜವೆಂದು ನಿಮ್ಮ ಕೈಗೇ ತಿಳಿಯುತ್ತದೆ.